ಮರಳಿಗೆ ನೀರು ಬಂದ ಮೇಲೆ: ಇಂದಿರಾ ಗಾಂಧಿ ಕಾಲುವೆ ಸೀಮೆಯ ಮಣ್ಣಿನ ಪ್ರಕರಣ ಅಧ್ಯಯನ

ರಾಜಸ್ಥಾನದ ಹನುಮಾನ್‌ಗಢ, ಶ್ರೀಗಂಗಾನಗರ, ಬಿಕಾನೇರ್, ಜೈಸಲ್ಮೇರ್ ಜಿಲ್ಲೆಗಳ ದೊಡ್ಡ ಭಾಗ ಅರವತ್ತು ವರ್ಷಗಳ ಹಿಂದೆ ಮರಳು ದಿಬ್ಬಗಳ ಸೀಮೆಯಾಗಿತ್ತು. ಇವತ್ತು ಅಲ್ಲಿ ಗೋಧಿ, ಹತ್ತಿ, ಸಾಸಿವೆ, ಶೇಂಗಾ, ಕಿತ್ತಳೆ ಜಾತಿಯ ಕಿನ್ನೋ ಹಣ್ಣು ಬೆಳೆಯುತ್ತಿವೆ. ಇದು ಇಂದಿರಾ ಗಾಂಧಿ ಕಾಲುವೆಯಿಂದ ಆದ ಬದಲಾವಣೆ. ಆದರೆ ಅದೇ ಕಾಲುವೆಯ ನೀರು ಸಾವಿರಾರು ಹೆಕ್ಟೇರ್ ಹೊಲಗಳನ್ನು ಜೌಳು ಮಾಡಿತು. ಬೆಳೆ ನಿಂತಿದ್ದ ಕಡೆ ನೀರು ನಿಂತಿತು, ನೀರು ಒಣಗಿದ ಕಡೆ ಬಿಳಿ ಉಪ್ಪು ಎದ್ದಿತು.

ಮರುಭೂಮಿಯ ಮಣ್ಣು ಸುಧಾರಿಸುವ ವಿಷಯ ಬಂದರೆ ಮಾತು ಬೇಗ ಗೊಬ್ಬರ, ಜಿಪ್ಸಂ, ಜೇಡಿಮಣ್ಣಿನ ಕಡೆಗೆ ಹೊರಳುತ್ತದೆ. ಅವೆಲ್ಲ ಬೇಕು, ಅನುಮಾನವಿಲ್ಲ. ಆದರೆ ಈ ಪ್ರಕರಣ ನೋಡಿದವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಮರಳು ನೆಲಕ್ಕೆ ಒಂದು ಸಲಕ್ಕೆ ಎಷ್ಟು ನೀರು ಕೊಡುತ್ತೇವೆ, ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತದೆ ಎನ್ನುವ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಬೇಕು. ಆ ಉತ್ತರ ಇಲ್ಲದೆ ಮಣ್ಣಿಗೆ ಏನು ಸುರಿದರೂ ದುಡ್ಡು ದಂಡ.

ಕಾಲುವೆಯ ಕತೆ, ಚಿಕ್ಕದಾಗಿ

ಈ ಭಾಗಕ್ಕೆ ನೀರು ತರುವ ಕನಸು ಹಳೆಯದು. ಬಿಕಾನೇರ್ ಸಂಸ್ಥಾನದ ಮಹಾರಾಜ ಗಂಗಾ ಸಿಂಗ್ 1927ರಲ್ಲೇ ಸಟ್ಲೆಜ್ ನದಿಯ ನೀರನ್ನು ಗಂಗ್ ಕಾಲುವೆಯ ಮೂಲಕ ತಂದಿದ್ದರು. ಇನ್ನೂ ದೊಡ್ಡ ಕಾಲುವೆಯ ಯೋಜನೆಯನ್ನು 1948ರಲ್ಲಿ ಇಂಜಿನಿಯರ್ ಕನ್ವರ್ ಸೇನ್ ಮುಂದಿಟ್ಟರು. 1958ರ ಮಾರ್ಚ್ 31ರಂದು ಅಡಿಗಲ್ಲು ಬಿತ್ತು. ಆಗ ಅದರ ಹೆಸರು ರಾಜಸ್ಥಾನ ಕಾಲುವೆ. 1961ರ ಅಕ್ಟೋಬರಿನಲ್ಲಿ ನೌರಂಗದೇಸರ್ ವಿತರಣಾ ಕಾಲುವೆಯಲ್ಲಿ ಮೊದಲ ನೀರು ಹರಿಯಿತು. ಜೈಸಲ್ಮೇರ್ ಜಿಲ್ಲೆಯ ಮೋಹನ್‌ಗಢದಲ್ಲಿರುವ ಕೊನೆಯ ತುದಿಗೆ ನೀರು ಮುಟ್ಟಿದ್ದು 1987ರ ಜನವರಿ 1ರಂದು.

ಪಂಜಾಬಿನಲ್ಲಿ ಸಟ್ಲೆಜ್ ಮತ್ತು ಬಿಯಾಸ್ ನದಿಗಳು ಕೂಡುವ ಹರಿಕೆ ಅಣೆಕಟ್ಟಿನಿಂದ ಕಾಲುವೆ ಹೊರಡುತ್ತದೆ. ನೀರು ತಂದು ಮುಟ್ಟಿಸುವ ಫೀಡರ್ ಕಾಲುವೆ 204 ಕಿ.ಮೀ., ಆಮೇಲೆ ಮುಖ್ಯ ಕಾಲುವೆ 445 ಕಿ.ಮೀ. ಕೆಲಸ ನಡೆದದ್ದು ಎರಡು ಹಂತಗಳಲ್ಲಿ. ಮೊದಲ ಹಂತದ ಅಚ್ಚುಕಟ್ಟು ಉತ್ತರದಲ್ಲಿದೆ, ಸುಮಾರು 5.5 ಲಕ್ಷ ಹೆಕ್ಟೇರ್. ಎರಡನೇ ಹಂತ ಇನ್ನೂ ದೊಡ್ಡದು, ಇನ್ನೂ ಒಣ ಸೀಮೆ. ಗಂಗಾನಗರದ ಕಡೆ ವರ್ಷಕ್ಕೆ ಸುಮಾರು 250 ಮಿ.ಮೀ. ಮಳೆಯಾದರೆ ಜೈಸಲ್ಮೇರ್ ಕಡೆ 150ರಿಂದ 200 ಮಿ.ಮೀ. ಅಷ್ಟೇ.

ಈ ಹೊಲಗಳಿಗೆ ಬಂದ ರೈತರ ಬಗ್ಗೆಯೂ ಹೇಳಬೇಕು, ಯಾಕೆಂದರೆ ಮುಂದೆ ಆದದ್ದಕ್ಕೆ ಅದೂ ಒಂದು ಕಾರಣ. ಕೆಲವರು ಅಲ್ಲಿಯವರೇ, ಕುರಿ ಒಂಟೆ ಮೇಯಿಸಿಕೊಂಡು ಮಳೆ ಬಂದ ವರ್ಷ ಸಜ್ಜೆ, ಗೋರಿ (ಗೋರಿಕಾಯಿ) ಬಿತ್ತುತ್ತಿದ್ದವರು. ಅವರಿಗೆ ನೀರಾವರಿಯ ಅಭ್ಯಾಸವೇ ಇರಲಿಲ್ಲ. ಕೆಲವರು ಪಂಜಾಬಿನ ಕಡೆಯವರು. ಅವರಿಗೆ ಮಡಿ ಕಟ್ಟಿ ನೀರು ತುಂಬಿಸುವ ಪದ್ಧತಿ ಕೈಗೆ ಹತ್ತಿತ್ತು. ಹಿಮಾಚಲದಲ್ಲಿ ಪೋಂಗ್ ಅಣೆಕಟ್ಟಿನಿಂದ ನೆಲ ಕಳೆದುಕೊಂಡವರಿಗೂ ಇಲ್ಲಿ ಜಮೀನು ಕೊಟ್ಟರು. ಬೆಟ್ಟದ ಮಣ್ಣಿನಲ್ಲಿ ಬೆಳೆದವರು ಮರಳಿಗೆ ಬಂದರು. ಒಬ್ಬರಿಗೆ ಸಿಕ್ಕಿದ್ದು ಸಾಮಾನ್ಯವಾಗಿ ಒಂದು ಮುರಬ್ಬಾ, ಅಂದರೆ ಅಲ್ಲಿಯ 25 ಬಿಘಾ, ಸುಮಾರು 6.3 ಹೆಕ್ಟೇರ್. ಈ ಮರಳಿಗೆ ಹೇಗೆ ನೀರು ಕೊಡಬೇಕು ಅಂತ ಹೇಳಿಕೊಡುವ ಅನುಭವ ಯಾರ ಹತ್ತಿರವೂ ಇರಲಿಲ್ಲ.

ಒಂದು ಮಡಿಯ ಲೆಕ್ಕ

ದಿಬ್ಬದ ಮಣ್ಣಿನಲ್ಲಿ ಮರಳಿನ ಪಾಲು ನೂರಕ್ಕೆ 85ರಿಂದ 95. ಜೇಡಿ ಬಹಳ ಕಡಿಮೆ. ಸಾವಯವ ಇಂಗಾಲ ಶೇಕಡಾ 0.2ರ ಆಸುಪಾಸು. ಇಂಥ ಮಣ್ಣು ಒಂದು ಮೀಟರ್ ಆಳಕ್ಕೆ ಗಿಡಕ್ಕೆ ಸಿಗುವಂತೆ ಹಿಡಿದುಕೊಳ್ಳುವ ನೀರು ಹೆಚ್ಚೆಂದರೆ 60 ಮಿ.ಮೀ. ಬೇರು 60 ಸೆಂ.ಮೀ. ಇಳಿದಿದೆ ಎಂದುಕೊಳ್ಳೋಣ. ಆಗ ಬೇರಿನ ಕೈಗೆ ಸಿಗುವುದು ಸುಮಾರು 35 ಮಿ.ಮೀ.

ಈಗ ಮಡಿಗೆ ನೀರು ಹಾಯಿಸಿ ನೋಡಿ. ಮರಳಿನಲ್ಲಿ ನೀರು ಮುಂದಕ್ಕೆ ಓಡುವುದಕ್ಕಿಂತ ಕೆಳಗೆ ಇಳಿಯುವುದೇ ಬೇಗ. ಮಡಿಯ ಆ ತುದಿಗೆ ನೀರು ಮುಟ್ಟುವ ಹೊತ್ತಿಗೆ ಈ ತುದಿಯಲ್ಲಿ ಬೇರಿನ ಆಳ ದಾಟಿ ಎಷ್ಟೋ ಕೆಳಗೆ ಹೋಗಿರುತ್ತದೆ. ಹಾಗಾಗಿ ಎಷ್ಟೇ ಜಾಣ ರೈತನಾದರೂ 70-80 ಮಿ.ಮೀ.ಗಿಂತ ಕಡಿಮೆ ನೀರನ್ನು ಸಮನಾಗಿ ಹಾಯಿಸುವುದು ಕಷ್ಟ. 75 ಕೊಟ್ಟರೆ 35 ಮಣ್ಣಿನಲ್ಲಿ ನಿಲ್ಲುತ್ತದೆ, 40 ಕೆಳಗೆ ಹೋಗುತ್ತದೆ. ಬೆಳೆ ಮಣ್ಣಿನ ನೀರನ್ನು ಪೂರ್ತಿ ಖಾಲಿ ಮಾಡಿದ್ದರೂ ಅಷ್ಟು. ನಿಜದಲ್ಲಿ ಬೆಳೆ ಅಷ್ಟು ಒಣಗುವವರೆಗೆ ಯಾರೂ ಕಾಯುವುದಿಲ್ಲ, ಅಲ್ವಾ? ಹಾಗಾಗಿ ಸೋರುವುದು ಇನ್ನೂ ಜಾಸ್ತಿ.

ಒಂದು ಬೆಳೆಗೆ ನಾಲ್ಕೈದು ಸಲ ನೀರು ಕೊಟ್ಟರೆ 160ರಿಂದ 200 ಮಿ.ಮೀ. ನೀರು ಬೇರಿನ ಕೆಳಗೆ ಜಾರುತ್ತದೆ. ಮರಳಿನಲ್ಲಿ ನೀರು ತುಂಬಿಕೊಳ್ಳುವ ಖಾಲಿ ಜಾಗ ಸುಮಾರು ಐದರಲ್ಲಿ ಒಂದು ಪಾಲು. ಅಂದರೆ ಈ ನೀರು ಪಕ್ಕಕ್ಕೆ ಹೋಗದೆ ಒಂದು ಕಡೆ ನಿಂತರೆ ಅಂತರ್ಜಲವನ್ನು 0.8ರಿಂದ 1 ಮೀಟರ್ ಮೇಲೆತ್ತುತ್ತದೆ. ಮೊದಲ ಹಂತದ ಅಚ್ಚುಕಟ್ಟಿನಲ್ಲಿ 1980ರ ದಶಕದಲ್ಲಿ ನೀರಿನ ಮಟ್ಟ ಏರಿದ ವೇಗವೂ ವರ್ಷಕ್ಕೆ ಹೆಚ್ಚುಕಡಿಮೆ ಅಷ್ಟೇ. ಕಾಲುವೆಗಳ ಸೋರಿಕೆಯೂ ಅದಕ್ಕೆ ಸೇರಿತ್ತು.

ಕಾಲುವೆ ಬರುವ ಮೊದಲು ಹಲವು ಊರುಗಳಲ್ಲಿ ನೀರು 40 ಮೀಟರಿಗಿಂತ ಕೆಳಗಿತ್ತು. ಅಷ್ಟು ಆಳ ಇದೆ, ತುಂಬಲು ಬಹಳ ಕಾಲ ಬೇಕು ಎಂದು ಅನಿಸುವುದು ಸಹಜ. ಆದರೆ ಎಲ್ಲಾ ಕಡೆ ಲೆಕ್ಕ ಹಾಗಿರಲಿಲ್ಲ.

ಕೆಳಗಿನ ಗಟ್ಟಿ ಪದರ

ಈ ಸೀಮೆಯ ಮರಳಿನ ಕೆಳಗೆ ಬಹಳ ಕಡೆ ಜಿಪ್ಸಂ ಇಲ್ಲವೇ ಸುಣ್ಣದ ಹರಳು ಬೆರೆತ ಗಟ್ಟಿ ಪದರ ಇದೆ. ಒಂದೊಂದು ಕಡೆ ಅದು ನೆಲದಿಂದ ಕೆಲವೇ ಮೀಟರ್ ಆಳದಲ್ಲಿದೆ. ನೀರು ಮರಳಿನಲ್ಲಿ ಸರ್ರನೆ ಇಳಿಯುತ್ತದೆ, ಪದರಕ್ಕೆ ತಾಗಿ ನಿಲ್ಲುತ್ತದೆ. ದಿಬ್ಬಗಳ ನಡುವಿನ ತಗ್ಗು ನೆಲ ಅಲ್ಲಿ ದೊಡ್ಡ ಬೋಗುಣಿಯಂತೆ, ತಳದಲ್ಲಿ ತೂತಿಲ್ಲ. ಆಳದ ಅಂತರ್ಜಲ ಇನ್ನೂ ಕೆಳಗೇ ಇದ್ದರೂ ಈ ಪದರದ ಮೇಲೆ ಬೇರೆಯದೇ ನೀರು ತುಂಬಿ ನೆಲಮಟ್ಟಕ್ಕೆ ಬರುತ್ತದೆ.

ಇದಕ್ಕೆ ಇನ್ನೆರಡು ಕಾರಣಗಳು ಸೇರಿಕೊಂಡವು. ಮೊದಲನೆಯದು, ಎರಡನೇ ಹಂತ ಸಿದ್ಧವಾಗುವವರೆಗೆ ಅದರ ಪಾಲಿನ ನೀರನ್ನೂ ಮೊದಲ ಹಂತದ ಹೊಲಗಳೇ ಬಳಸಿದವು. ನೀರು ಕೈಗೆ ಸಿಗುವಾಗ ಕಡಿಮೆ ಬಳಸಿ ಎಂದರೆ ಯಾರು ಕೇಳುತ್ತಾರೆ? ಎರಡನೆಯದು, ಘಗ್ಗರ್ ನದಿಯ ನೆರೆ ನೀರನ್ನು ಸೂರತ್‌ಗಢದ ಹತ್ತಿರ ದಿಬ್ಬಗಳ ನಡುವಿನ ತಗ್ಗುಗಳಿಗೆ ತಿರುಗಿಸಿದರು. ಅಲ್ಲಿಂದ ಸೋರಿದ ನೀರು ಸುತ್ತಲಿನ ಊರುಗಳ ನೆಲ ಸೇರಿತು. ಬಡೋಪಲ್ ಸುತ್ತಮುತ್ತ ಹೊಲಗಳು ಕೆರೆಗಳಾದವು. ಅಲ್ಲಿಯ ಜನ ಇದನ್ನು ಸೇಮ್ ಎನ್ನುತ್ತಾರೆ. ಸೇಮ್ ಬಂದ ಊರಿನಲ್ಲಿ ಬೆಳೆ ಮಾತ್ರ ಹೋಗಲಿಲ್ಲ, ಮನೆಗಳ ಗೋಡೆ ತೇವ ಹೀರಿ ಕುಸಿದವು. ಜಮೀನು ಇದೆ ಅಂತ ದೂರದಿಂದ ಬಂದು ನೆಲೆಸಿದವರಿಗೆ ಅದು ಎಂಥ ಪೆಟ್ಟು ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ನೀರಿನ ಮಟ್ಟ ನೆಲದಿಂದ ಒಂದೂವರೆ-ಎರಡು ಮೀಟರಿಗೆ ಬಂದರೆ ಎರಡನೇ ಕಾಟ ಶುರು. ಬಿಸಿಲಿಗೆ ನೆಲ ಒಣಗುತ್ತದೆ, ಕೆಳಗಿನ ನೀರು ಮಣ್ಣಿನ ಸಂದುಗಳಲ್ಲಿ ಮೇಲೇರಿ ಬರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಈ ಸೀಮೆಯಲ್ಲಿ ವರ್ಷಕ್ಕೆ 2 ಮೀಟರಿನಷ್ಟು ನೀರನ್ನು ಆವಿ ಮಾಡುವ ಬಿಸಿಲು ಗಾಳಿ ಇದೆ. ಮರುಭೂಮಿಯ ಕೆಳಪದರಗಳಲ್ಲಿ ಮೊದಲೇ ಉಪ್ಪು ಜಾಸ್ತಿ. ಕೆಲವೇ ವರ್ಷಗಳಲ್ಲಿ ಮೇಲ್ಮಣ್ಣು ಬಿಳುಚಿಕೊಂಡಿತು.

ಮರಗಳು, ಕೊಳವೆಗಳು

ಸೇಮ್ ತಡೆಯಲು ಮಾಡಿದ ಕೆಲಸಗಳಲ್ಲಿ ಕಾಲುವೆ ಬದಿಯ ಮರಗಳು ನನಗೆ ಮುಖ್ಯವಾಗಿ ಕಾಣುತ್ತವೆ. ಮೊದಲು ಅವನ್ನು ನೆಟ್ಟದ್ದು ಮರಳು ಹಾರಿ ಕಾಲುವೆ ತುಂಬದಿರಲಿ ಅಂತ. ನೀಲಗಿರಿ, ಶೀಶಂ, ಜಾಲಿ ಜಾತಿಯ ಮರಗಳು. ಆಮೇಲೆ ನೋಡಿದರೆ ನೀಲಗಿರಿ ತೋಪಿನ ಕೆಳಗೆ ನೀರಿನ ಮಟ್ಟ ಸುತ್ತಲಿಗಿಂತ ಚೆನ್ನಾಗಿ ಇಳಿದಿತ್ತು. ನೀಲಗಿರಿ ನೀರು ಹೀರುತ್ತದೆ ಎನ್ನುವ ದೂರು ಇಲ್ಲಿ ಉಪಕಾರವಾಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2002ರಲ್ಲಿ ಮರಗಳಿಂದ ನೀರು ಬಸಿಯುವ ವಿಧಾನದ ಬಗ್ಗೆ ಹೊರತಂದ ಪ್ರಕಟಣೆಯಲ್ಲೂ ಈ ಕಾಲುವೆಯ ಅನುಭವ ಸೇರಿದೆ.

ಆದರೆ ಮರ ನೀರನ್ನು ಮಾತ್ರ ಎತ್ತುತ್ತದೆ, ಉಪ್ಪನ್ನು ಬಹುಪಾಲು ಅಲ್ಲೇ ಬಿಡುತ್ತದೆ. ಕಾಲುವೆ ಬದಿಯಲ್ಲಿ ಸಿಹಿನೀರು ಸೋರುವ ಕಡೆ ಇದು ಒಳ್ಳೆಯ ಉಪಾಯ. ಈಗಾಗಲೇ ಉಪ್ಪಾದ ನೀರು ಮೇಲೆ ಬಂದಿರುವ ಹೊಲದ ನಡುವೆ ಅದೊಂದೇ ಸಾಲದು. ಅಲ್ಲಿ ನೆಲದಡಿ ಕೊಳವೆ ಹಾಕಿ ನೀರು ಬಸಿಯಬೇಕು. ತೂತಿರುವ ಪ್ಲಾಸ್ಟಿಕ್ ಕೊಳವೆಗಳನ್ನು ಒಂದೂವರೆ-ಎರಡು ಮೀಟರ್ ಆಳದಲ್ಲಿ ಹೂತು, ಮರಳು ಒಳಗೆ ಬರದಂತೆ ಸೋಸುಬಟ್ಟೆ ಸುತ್ತುತ್ತಾರೆ. ಹನುಮಾನ್‌ಗಢದ ಲಖೂವಾಲಿಯಲ್ಲಿ ಇಂಥ ಪ್ರಯೋಗ ನಡೆಯಿತು. ತೊಡಕು ಇರುವುದು ಕೊಳವೆಯ ಆ ಕೊನೆಯಲ್ಲಿ. ಬಸಿದ ಉಪ್ಪುನೀರನ್ನು ಎಲ್ಲಿಗೆ ಬಿಡುವುದು? ಈ ಸೀಮೆಯಿಂದ ಸಮುದ್ರಕ್ಕೆ ಹೋಗುವ ನದಿ ಇಲ್ಲ. ಆವಿ ಕೆರೆ ಕಟ್ಟಿದರೆ ಅದೂ ನೆಲ ತಿನ್ನುತ್ತದೆ, ಸುತ್ತ ಸೋರುತ್ತದೆ.

1990ರ ದಶಕದ ಕೊನೆಯ ನಂತರ ಜೌಳು ಪ್ರದೇಶ ಇಳಿಯುತ್ತಾ ಬಂತು. ಮರಗಳ ಪಾಲೂ ಇದೆ, ಆದರೆ ದೊಡ್ಡ ಕಾರಣ ನೀರೇ ಕಡಿಮೆಯಾದದ್ದು. ಎರಡನೇ ಹಂತ ತೆರೆದುಕೊಂಡಿತು, ಮೇಲಿನಿಂದ ಬರುವ ನೀರೂ ಇಳಿಯಿತು, ಮಳೆ ಕೈಕೊಟ್ಟ ವರ್ಷಗಳು ಬಂದವು. ನೆಲಕ್ಕೆ ಉಸಿರು ಬಂತು, ಆದರೆ ರೈತರಿಗೆ ಇದು ಸುಲಭವಾಗಿರಲಿಲ್ಲ. 2004ರಲ್ಲಿ ಘಡಸಾನಾ, ರಾವ್ಲಾ ಕಡೆ ನೀರಿಗಾಗಿ ದೊಡ್ಡ ಚಳವಳಿಯೇ ನಡೆಯಿತು, ಜೀವಗಳೂ ಹೋದವು. ಕಡಿಮೆ ನೀರು ಮಣ್ಣಿಗೆ ಒಳ್ಳೆಯದು ಎಂದು ದೂರದಿಂದ ಹೇಳುವುದು ಸುಲಭ. ಆ ಕಡಿಮೆ ನೀರಿನಲ್ಲಿ ಸಂಸಾರ ನಡೆಯುವಷ್ಟು ಬೆಳೆಯುವ ದಾರಿಯನ್ನೂ ಜೊತೆಗೇ ಕೊಡಬೇಕು.

ಡಿಗ್ಗಿ ಮತ್ತು ಫವ್ವಾರಾ

ಆ ದಾರಿ ಎರಡನೇ ಹಂತದಲ್ಲಿ ಗಟ್ಟಿಯಾಗಿ ಬೇರೂರಿತು. ಡಿಗ್ಗಿ ಎಂದರೆ ಹೊಲದಲ್ಲೇ ಕಟ್ಟಿದ ನೀರಿನ ತೊಟ್ಟಿ, ಫವ್ವಾರಾ ಎಂದರೆ ತುಂತುರು ನೀರಾವರಿ. ಎರಡೂ ಬೇರೆ ಬೇರೆ ನಿಂತರೆ ಕೆಲಸವಿಲ್ಲ. ಯಾಕೆ ಎಂದು ನೋಡೋಣ.

ಕಾಲುವೆ ನೀರು ಸರದಿ ಪ್ರಕಾರ ಬರುತ್ತದೆ. ನಿಮ್ಮ ಸರದಿ ವಾರಕ್ಕೊಮ್ಮೆ, ಅದೂ ಗಂಟೆ ನಿಮಿಷ ಬರೆದಿಟ್ಟ ಲೆಕ್ಕ. ಅದಕ್ಕೆ ಬಾರಿ ಎನ್ನುತ್ತಾರೆ. ನಡುರಾತ್ರಿಯಲ್ಲಿ ಬಂದರೂ ಎದ್ದು ಹೋಗಲೇಬೇಕು. ಆ ಸ್ವಲ್ಪ ಹೊತ್ತಿನಲ್ಲಿ ಬರುವ ನೀರನ್ನೆಲ್ಲಾ ಹೊಲಕ್ಕೆ ಬಿಟ್ಟರೆ ಮೇಲೆ ಹೇಳಿದ ಮಡಿಯ ಕತೆಯೇ. ಮರಳಿಗೆ ಬೇಕಾದದ್ದು ಸ್ವಲ್ಪ ಸ್ವಲ್ಪ, ಆಗಾಗ. ಕಾಲುವೆ ಕೊಡುವುದು ಒಟ್ಟಿಗೆ, ಅಪರೂಪಕ್ಕೆ. ಇವೆರಡಕ್ಕೂ ನಡುವೆ ಒಂದು ತೊಟ್ಟಿ ಬೇಕು.

ಎಷ್ಟು ದೊಡ್ಡದು? ಮೊದಲ ಹಂತದಲ್ಲಿ 1000 ಎಕರೆಗೆ 5.23 ಕ್ಯೂಸೆಕ್ ನೀರು ಗೊತ್ತುಮಾಡಿದ್ದರು. ಅದನ್ನು ಪೂರ್ತಿ ಹೊಲಕ್ಕೆ ಹರಡಿದರೆ ದಿನಕ್ಕೆ 3.2 ಮಿ.ಮೀ. ಆಗುತ್ತದೆ. ಎರಡನೇ ಹಂತಕ್ಕೆ 3 ಕ್ಯೂಸೆಕ್, ಅಂದರೆ ದಿನಕ್ಕೆ 1.8 ಮಿ.ಮೀ. ಎರಡನೇ ಹಂತದ ಒಂದು ಮುರಬ್ಬಾಕ್ಕೆ ಇದು ವಾರಕ್ಕೆ ಸುಮಾರು 8 ಲಕ್ಷ ಲೀಟರ್. 20 ಮೀಟರ್ ಉದ್ದ, 20 ಮೀಟರ್ ಅಗಲ, 2 ಮೀಟರ್ ಆಳದ ಡಿಗ್ಗಿಯಲ್ಲಿ ಒಂದು ಬಾರಿಯ ನೀರು ಹಿಡಿಯುತ್ತದೆ. ಕಾಲುವೆ ಕೆಲವು ವಾರ ನಿಂತುಹೋಗುವ ಕಾಲವೂ ಇರುವುದರಿಂದ ಅನುಕೂಲ ಇದ್ದವರು ಇನ್ನೂ ದೊಡ್ಡದು ಕಟ್ಟುತ್ತಾರೆ.

ಡಿಗ್ಗಿಯ ನೀರು ಬಿಸಿಲಿಗೆ ಆವಿಯಾಗಿ ಹೋಗುತ್ತದಲ್ಲ ಎಂದು ಕೇಳುವವರು ಇದ್ದಾರೆ. 400 ಚದರ ಮೀಟರ್ ಮೇಲ್ಮೈಯಿಂದ ಕಡುಬೇಸಗೆಯಲ್ಲಿ ದಿನಕ್ಕೆ 10 ಮಿ.ಮೀ. ಹೋದರೂ ಅದು 4000 ಲೀಟರ್. ವಾರಕ್ಕೆ 28,000 ಲೀಟರ್, ನೂರಕ್ಕೆ ಮೂರೂವರೆ ಪಾಲು. ಮಡಿಯಲ್ಲಿ ಅರ್ಧಕ್ಕರ್ಧ ಸೋರುವುದರ ಮುಂದೆ ಇದು ಲೆಕ್ಕಕ್ಕಿಲ್ಲ. ಆದರೆ ತಳಕ್ಕೆ ಇಟ್ಟಿಗೆ ಸಿಮೆಂಟ್ ಇಲ್ಲವೇ ದಪ್ಪ ಪ್ಲಾಸ್ಟಿಕ್ ಹಾಕದಿದ್ದರೆ ಮರಳಿನ ಮೇಲಿನ ಡಿಗ್ಗಿಯಲ್ಲಿ ನೀರು ನಿಲ್ಲುವುದೇ ಇಲ್ಲ. ಇನ್ನೊಂದು ಮಾತು, ಇದು ಕೃಷಿ ಲೆಕ್ಕದ ಹೊರಗಿನದು. ಪ್ಲಾಸ್ಟಿಕ್ ಹಾಸಿದ ಡಿಗ್ಗಿಯ ಇಳಿಜಾರು ಬಹಳ ಜಾರುತ್ತದೆ. ಮಕ್ಕಳು, ದನಕರು ಬಿದ್ದರೆ ಹತ್ತಿ ಬರಲಾಗದು. ನಾಲ್ಕೂ ಬದಿಗೆ ಗಂಟು ಹಾಕಿದ ಹಗ್ಗ ಇಳಿಬಿಡಿ, ಸುತ್ತ ಬೇಲಿ ಹಾಕಿ. ಇದನ್ನು ಆಮೇಲೆ ಮಾಡೋಣ ಎಂದು ಬಿಡಬೇಡಿ.

ಈಗ ಮುಖ್ಯ ವಿಷಯ. 8 ಲಕ್ಷ ಲೀಟರನ್ನು ಇಡೀ ಮುರಬ್ಬಾಕ್ಕೆ ಹರಡಿದರೆ ವಾರಕ್ಕೆ 13 ಮಿ.ಮೀ. ಕೂಡ ಬರುವುದಿಲ್ಲ. ಬೇಸಗೆಯ ಹತ್ತಿಗೆ ಅದು ಎರಡು ದಿನದ ಊಟ. ಅದೇ ನೀರನ್ನು ಮೂರರಲ್ಲಿ ಒಂದು ಪಾಲು ನೆಲಕ್ಕೆ ಕೊಟ್ಟರೆ ದಿನಕ್ಕೆ ಐದೂವರೆ ಮಿ.ಮೀ. ಸಿಗುತ್ತದೆ. ಚಳಿಗಾಲದಲ್ಲಿ ಗೋಧಿಗೆ ದಿನಕ್ಕೆ 3-4 ಮಿ.ಮೀ. ಸಾಕು, ಹಾಗಾಗಿ ಅರ್ಧ ನೆಲ ಬಿತ್ತಬಹುದು. ಸಾಸಿವೆ, ಕಡಲೆಗೆ ಇನ್ನೂ ಕಡಿಮೆ, ಇನ್ನಷ್ಟು ನೆಲ ತುಂಬಿಸಬಹುದು. ತುಂತುರು ಪೈಪು ತಂದ ಮೇಲೂ ಪೂರ್ತಿ ಮುರಬ್ಬಾ ಬಿತ್ತುತ್ತೇನೆ ಎನ್ನುವವರಿಗೆ ಬೆಳೆ ಒಣಗುತ್ತದೆ. ಆಮೇಲೆ ಪೈಪಿನ ಮೇಲೆ ದೂರು. ಈ ಸೀಮೆಯಲ್ಲಿ ನೀರಿನ ಲೆಕ್ಕಕ್ಕೆ ತಕ್ಕ ಬೆಳೆಯ ಲೆಕ್ಕವೇ ಅರ್ಧ ಮಣ್ಣು ಸುಧಾರಣೆ ಎಂದು ನನ್ನ ಗಟ್ಟಿ ಅಭಿಪ್ರಾಯ.

ತುಂತುರಿನಿಂದ 20-25 ಮಿ.ಮೀ. ನೀರನ್ನು ಸಮನಾಗಿ ಕೊಡಬಹುದು. ಬೇರಿನ ಕೆಳಗೆ ಜಾರುವುದು ಬಹಳ ಕಡಿಮೆಯಾಗುತ್ತದೆ, ಜೊತೆಗೆ ಯೂರಿಯಾವೂ ಉಳಿಯುತ್ತದೆ. ಇನ್ನೊಂದು ದೊಡ್ಡ ಲಾಭ ಇದೆ, ಅದರ ಬಗ್ಗೆ ಮಾತು ಕಡಿಮೆ. ಮಡಿ ಕಟ್ಟಲು ದಿಬ್ಬಗಳನ್ನು ಸಮ ಮಾಡಬೇಕಿತ್ತು. ಆಗ ಇದ್ದಷ್ಟು ಮೇಲ್ಮಣ್ಣು ಹೋಗಿ ಸುಣ್ಣದ ಕೆಳಪದರ ಮೇಲೆ ಬರುತ್ತಿತ್ತು. ತುಂತುರಿಗೆ ನೆಲ ಏರುಪೇರಾಗಿದ್ದರೂ ನಡೆಯುತ್ತದೆ. ಕಿನ್ನೋ ತೋಟಕ್ಕೆ ಹನಿ ನೀರಾವರಿ ಇನ್ನೂ ಒಳ್ಳೆಯದು.

ತೊಂದರೆಗಳೂ ಇವೆ. ತುಂತುರಿಗೆ ಒತ್ತಡ ಬೇಕು, ಒತ್ತಡಕ್ಕೆ ಪಂಪು, ಪಂಪಿಗೆ ಕರೆಂಟ್ ಇಲ್ಲವೇ ಡೀಸೆಲ್ ಬೇಕು. ಸೌರ ಪಂಪು ಇಲ್ಲಿಯ ಬಿಸಿಲಿಗೆ ಹೇಳಿ ಮಾಡಿಸಿದ್ದು, ಆದರೆ ಅದು ಓಡುವುದು ಹಗಲಿನಲ್ಲಿ. ಹಗಲಿನ ಬಿಸಿಗಾಳಿಗೆ ತುಂತುರು ನೀರು ಹಾರಿಹೋಗುತ್ತದೆ. ಸಂಜೆ, ರಾತ್ರಿ, ನಸುಕಿನಲ್ಲಿ ನಡೆಸಿದರೆ ನೀರು ನೆಲ ಮುಟ್ಟುತ್ತದೆ. ಸೌರ ಪಂಪು ಇದ್ದವರು ಬೆಳಗಿನ ಹೊತ್ತು ತುಂತುರು ನಡೆಸಿ, ಮಧ್ಯಾಹ್ನ ಹನಿ ಸಾಲುಗಳಿಗೆ ಕೊಡುವುದು ಒಳ್ಳೆಯ ಹೊಂದಾಣಿಕೆ.

ಮಣ್ಣಿಗೆ ಏನು ಸೇರಿಸಬೇಕು

ನೀರಿನ ಲೆಕ್ಕ ಸರಿಯಾದ ಮೇಲೆ ಮಣ್ಣಿಗೆ ಬರೋಣ. ಇಲ್ಲಿ ಮೊದಲು ಜಿಪ್ಸಂ ವಿಷಯ ಬಿಡಿಸಬೇಕು, ಯಾಕೆಂದರೆ ತಪ್ಪು ತಿಳಿವಳಿಕೆ ಜಾಸ್ತಿ ಇರುವುದು ಅದರ ಬಗ್ಗೆಯೇ. ದೇಶದ ಜಿಪ್ಸಂನ ಬಹುಪಾಲು ಸಿಗುವುದು ರಾಜಸ್ಥಾನದಲ್ಲೇ. ಹತ್ತಿರದಲ್ಲಿ ಸಿಗುತ್ತದೆ, ಬೆಲೆ ಕಡಿಮೆ, ಹಾಗಾಗಿ ನೆಲ ಬೆಳ್ಳಗಾದ ತಕ್ಷಣ ಜಿಪ್ಸಂ ಸುರಿಯುವ ಮನಸ್ಸಾಗುತ್ತದೆ.

ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಮೇಲೆ. ಮಣ್ಣಿನ ಜೇಡಿ ಕಣಗಳಿಗೆ ಸೋಡಿಯಂ ಅಂಟಿಕೊಂಡಾಗ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚುತ್ತವೆ. ನೀರು ಇಂಗುವುದಿಲ್ಲ, ಒಣಗಿದರೆ ಕಲ್ಲಾಗುತ್ತದೆ. ಜಿಪ್ಸಂನ ಕ್ಯಾಲ್ಸಿಯಂ ಆ ಸೋಡಿಯಂ ಜಾಗ ಹಿಡಿಯುತ್ತದೆ. ಹೊರಬಿದ್ದ ಸೋಡಿಯಂ ಸಲ್ಫೇಟನ್ನು ನೀರಿನಿಂದ ತೊಳೆದು ಕೆಳಗೆ ಕಳಿಸಬೇಕು. ಅಂದರೆ ನೀರು ಕೆಳಗೆ ಹೋಗುವ ದಾರಿ ಇರಲೇಬೇಕು.

ಸೇಮ್ ಹೊಲದ ಬಿಳಿ ಬಹಳ ಕಡೆ ಬರೀ ಉಪ್ಪು. ಅಲ್ಲಿ ಮಣ್ಣಿನಲ್ಲೇ ಜಿಪ್ಸಂ ಬೇಕಾದಷ್ಟಿದೆ. ಕೆಳಗೆ ಜಿಪ್ಸಂ ಪದರದ ಮೇಲೆ ನೀರು ನಿಂತಿರುವ ಹೊಲಕ್ಕೆ ಮೇಲಿನಿಂದ ಮತ್ತೆ ಜಿಪ್ಸಂ ಹಾಕುವುದರಿಂದ ಏನೂ ಆಗದು. ಅಲ್ಲಿ ಬೇಕಾದದ್ದು ನೀರು ಬಸಿಯುವ ದಾರಿ, ಆಮೇಲೆ ಒಳ್ಳೆಯ ನೀರಿನಿಂದ ತೊಳೆಯುವುದು. ಮಣ್ಣು ಪರೀಕ್ಷೆ ಮಾಡಿಸಿದರೆ ಉಪ್ಪು ಯಾವುದು, ಸೋಡಿಯಂ ಯಾವುದು ಎಂದು ಗೊತ್ತಾಗುತ್ತದೆ. ಒಂದು ಲೋಡ್ ಜಿಪ್ಸಂಗಿಂತ ಪರೀಕ್ಷೆ ಅಗ್ಗ.

ಜಿಪ್ಸಂ ನಿಜವಾಗಿ ಬೇಕಾಗುವುದು ಕಾಲುವೆ ನೀರು ಸಾಲದೆ ಕೊಳವೆಬಾವಿ ನೀರು ಬಳಸುವ ಕಡೆ. ಅಂಥ ನೀರಿನಲ್ಲಿ ಸೋಡಿಯಂ ಬೈಕಾರ್ಬೊನೇಟ್ ಜಾಸ್ತಿ ಇದ್ದರೆ ಅದು ಮಣ್ಣಿನ ಕ್ಯಾಲ್ಸಿಯಂ ಅನ್ನು ಸುಣ್ಣವಾಗಿ ಕೂರಿಸಿಬಿಡುತ್ತದೆ, ಸೋಡಿಯಂಗೆ ಜಾಗ ಸಿಗುತ್ತದೆ. ಲೆಕ್ಕ ಸುಲಭ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಕೂಡಿ ಮಿಕ್ಕುವ ಕಾರ್ಬೊನೇಟನ್ನು ಉಳಿಕೆ ಕಾರ್ಬೊನೇಟ್ ಎನ್ನುತ್ತಾರೆ, ನೀರಿನ ಪರೀಕ್ಷೆಯಲ್ಲಿ ಅದನ್ನು ಮಿಲಿ ಈಕ್ವಿವಲೆಂಟ್ ಎನ್ನುವ ಅಳತೆಯಲ್ಲಿ ಕೊಡುತ್ತಾರೆ. ಒಂದು ಲೀಟರ್ ನೀರಿನಲ್ಲಿ 1 ಮಿಲಿ ಈಕ್ವಿವಲೆಂಟ್ ಉಳಿಕೆ ಕಾರ್ಬೊನೇಟ್ ತಗ್ಗಿಸಲು 86 ಮಿ.ಗ್ರಾಂ ಶುದ್ಧ ಜಿಪ್ಸಂ ಬೇಕು. ಹೆಕ್ಟೇರಿಗೆ 7.5 ಸೆಂ.ಮೀ. ನೀರು ಅಂದರೆ 7.5 ಲಕ್ಷ ಲೀಟರ್. 4 ಮಿಲಿ ಈಕ್ವಿವಲೆಂಟ್ ತಗ್ಗಿಸಬೇಕಿದ್ದರೆ ಒಂದು ನೀರಿಗೆ 258 ಕಿಲೋ. ಸಿಗುವ ಜಿಪ್ಸಂ ನೂರಕ್ಕೆ 70 ಶುದ್ಧ ಇದ್ದರೆ ಸುಮಾರು 370 ಕಿಲೋ. ನೀರನ್ನು ಜಿಪ್ಸಂ ಹರಳು ತುಂಬಿದ ತೊಟ್ಟಿಯ ಮೂಲಕ ಹಾಯಿಸುವುದೂ ಒಂದು ಪದ್ಧತಿ. ಉಪ್ಪಿನ ಕೊಳವೆಬಾವಿ ನೀರನ್ನು ಮಾತ್ರ ತುಂತುರಿನಲ್ಲಿ ಕೊಡಬೇಡಿ, ಎಲೆ ಸುಡುತ್ತದೆ. ಹನಿಯಲ್ಲಿ ಕೊಡಿ, ಇಲ್ಲವೇ ಡಿಗ್ಗಿಯಲ್ಲಿ ಕಾಲುವೆ ನೀರಿಗೆ ಬೆರೆಸಿ.

ಕೊಟ್ಟಿಗೆ ಗೊಬ್ಬರದ ಬಗ್ಗೆ ಎಲ್ಲರಿಗೂ ನಂಬಿಕೆ ಇದೆ, ಸರಿಯೇ. ಆದರೆ ಮರಳಿನಲ್ಲಿ ಅದರ ಆಯುಸ್ಸು ಕಡಿಮೆ. ಗಾಳಿ ಚೆನ್ನಾಗಿ ಆಡುವ ಮಣ್ಣು, 45 ಡಿಗ್ರಿ ಬಿಸಿಲು, ಮೇಲೆ ನೀರು. ಗೊಬ್ಬರ ಬೇಗ ಕರಗಿ ಹೋಗುತ್ತದೆ. ಮೂರು ವರ್ಷಕ್ಕೊಮ್ಮೆ ರಾಶಿ ಸುರಿಯುವುದಕ್ಕಿಂತ ಪ್ರತಿ ವರ್ಷ ಸ್ವಲ್ಪ, ಅದೂ ಬೇರು ಇರುವ ಸಾಲಿಗೆ ಹಾಕುವುದು ಮೇಲು. ಪೂರ್ತಿ ಕೊಳೆತಿರಲಿ. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಬರುತ್ತದೆ.

ಗೊಬ್ಬರ ಎಲ್ಲಿಂದ ತರುವುದು ಎನ್ನುವುದು ದೊಡ್ಡ ಪ್ರಶ್ನೆ. ಉತ್ತರ ಆ ನೆಲದ ಬೆಳೆಯಲ್ಲೇ ಇದೆ. ಗೋರಿ ಥಾರ್ ಸೀಮೆಯ ಹಳೆಯ ಬೆಳೆ. ನೀರು ಕಡಿಮೆ ಸಾಕು, ಬೇರಿನಲ್ಲಿ ಸಾರಜನಕ ಕಟ್ಟುತ್ತದೆ, ಕಾಳಿಗೆ ಗಿರಾಕಿ ಇದ್ದಾರೆ. ಕಾಳು ತೆಗೆದು ಎಲೆ, ಬೇರು, ಕೂಳೆಯನ್ನು ಹೊಲದಲ್ಲೇ ಬಿಟ್ಟರೆ ಮಣ್ಣಿಗೆ ಸಿಗುವುದು ಕಡಿಮೆಯೇನಲ್ಲ. ನೀರು ಸಾಲದೆ ಬಿತ್ತದೆ ಬಿಟ್ಟ ಪಾಲಿನ ನೆಲಕ್ಕೆ ಮುಂಗಾರಿನಲ್ಲಿ ಗೋರಿ ಹಾಕಿ ಎನ್ನುವುದು ನನ್ನ ಸಲಹೆ. ಇನ್ನು ಸಾಸಿವೆ ಕೂಳೆಯನ್ನು ಕೀಳಬೇಡಿ, ಸುಡಬೇಡಿ. ಮೇ-ಜೂನ್ ತಿಂಗಳ ಗಾಳಿಗೆ ಬರಿ ಹೊಲದ ಸಣ್ಣ ಮಣ್ಣು ಮೊದಲು ಹಾರುತ್ತದೆ. ಜೇಡಿ, ಗೊಬ್ಬರದ ಅಂಶ ಇರುವುದು ಆ ಸಣ್ಣ ಮಣ್ಣಿನಲ್ಲೇ. ವರ್ಷವಿಡೀ ಸೇರಿಸಿದ್ದನ್ನು ಒಂದು ವಾರದ ಗಾಳಿಗೆ ಒಪ್ಪಿಸುವುದು ಸರಿಯೇ? ಪಡುವಣ ಬದುವಿನಲ್ಲಿ ಗಾಳಿತಡೆ ಮರಗಳ ಸಾಲು ಇರಲೇಬೇಕು.

ಜೇಡಿಮಣ್ಣು ತಂದು ಮರಳಿಗೆ ಬೆರೆಸುವುದು ಕೇಳಲು ಚೆನ್ನ. ಕೆಲಸವೂ ಮಾಡುತ್ತದೆ. ಆದರೆ ಒಂದು ಹೆಕ್ಟೇರಿಗೆ ಒಂದೇ ಸೆಂ.ಮೀ. ದಪ್ಪ ಹರಡಲು 100 ಘನ ಮೀಟರ್ ಮಣ್ಣು ಬೇಕು, 130 ಟನ್ನಿಗೂ ಹೆಚ್ಚು. ಒಂದು ಮುರಬ್ಬಾಕ್ಕೆ 800 ಟನ್ ದಾಟುತ್ತದೆ. ಇದು ರೈತನ ಕೈಲಾಗುವ ಮಾತಲ್ಲ. ಕಿನ್ನೋ ಗುಂಡಿಗೆ, ತರಕಾರಿ ಸಾಲಿಗೆ, ಸಸಿಮಡಿಗೆ ಹಾಕಿಕೊಳ್ಳಬಹುದು. ಬಾರ್ಮೇರ್ ಜಿಲ್ಲೆಯಲ್ಲಿ ಬೆಂಟೊನೈಟ್ ಸಿಗುತ್ತದೆ, ನೀರಿಗೆ ಊದಿಕೊಳ್ಳುವ ಈ ಜೇಡಿ ಸ್ವಲ್ಪ ಹಾಕಿದರೂ ನೀರು ಹಿಡಿಯುತ್ತದೆ. ಅದರಲ್ಲಿ ಸೋಡಿಯಂ ಇರುವ ಜಾತಿಯೂ ಇದೆ, ಕೇಳಿ ತಿಳಿದು ಹಾಕಬೇಕು. ಎಲ್ಲರ ಕೈಗೂ ಸಿಗುವ ಜೇಡಿ ಅಂದರೆ ಡಿಗ್ಗಿಯ ತಳದಲ್ಲಿ ಕೂರುವ ಹೂಳು. ಕಾಲುವೆ ನೀರು ಹೊತ್ತು ತರುವ ನುಣ್ಣನೆಯ ಮಣ್ಣು ಅದು. ಹೂಳೆತ್ತಿದಾಗ ಬದುವಿಗೆ ಎಸೆಯದೆ ತರಕಾರಿ ಸಾಲಿಗೆ ಹಾಕಿ.

ಸತು, ಕಬ್ಬಿಣದ ಕೊರತೆ ಈ ಸುಣ್ಣದ ಮಣ್ಣಿನಲ್ಲಿ ಸಾಮಾನ್ಯ. ಕಿನ್ನೋ ಚಿಗುರು ಹಳದಿಯಾಗಿ ನರ ಮಾತ್ರ ಹಸಿರು ಕಂಡರೆ ಅದು ಕಬ್ಬಿಣ. ಕಬ್ಬಿಣವನ್ನು ಮಣ್ಣಿಗೆ ಹಾಕಿದರೆ ಸುಣ್ಣ ಕಟ್ಟಿಹಾಕುತ್ತದೆ, ಎಲೆಗೆ ಸಿಂಪಡಿಸಬೇಕು. ಸತುವನ್ನು ಬಿತ್ತನೆಗೆ ಮೊದಲು ಮಣ್ಣಿಗೇ ಹಾಕಬಹುದು. ಸಾರಜನಕವನ್ನು ಮೂರು-ನಾಲ್ಕು ಕಂತಿನಲ್ಲಿ ಕೊಡಿ.

ಉಳಿದ ಉಪ್ಪು

ತುಂತುರು, ಹನಿ ಬಂದ ಹೊಲಗಳಲ್ಲಿ ಸೋರಿಕೆ ನಿಂತಿತು, ಸರಿ. ಆದರೆ ಕಾಲುವೆ ನೀರಿನಲ್ಲೂ ಸ್ವಲ್ಪ ಉಪ್ಪು ಇರುತ್ತದೆ. ಲೀಟರಿಗೆ 200 ಮಿ.ಗ್ರಾಂ ಎಂದುಕೊಂಡರೆ ವರ್ಷಕ್ಕೆ 600 ಮಿ.ಮೀ. ನೀರು ಕೊಟ್ಟ ಹೆಕ್ಟೇರಿಗೆ 1200 ಕಿಲೋ ಉಪ್ಪು ಬಂದು ಸೇರುತ್ತದೆ. ಒಂದು ಹನಿಯೂ ಕೆಳಗೆ ಹೋಗದಂತೆ ನೀರು ಕೊಟ್ಟರೆ ಅದೆಲ್ಲಾ ಬೇರಿನ ತುದಿಯಲ್ಲಿ ಕೂರುತ್ತದೆ. ಕೊಳವೆಬಾವಿ ನೀರಾದರೆ ಇದರ ಹಲವು ಪಟ್ಟು.

ಹಾಗಾಗಿ ನೂರಕ್ಕೆ 10-15 ಪಾಲು ನೀರು ಬೇಕೆಂದೇ ಕೆಳಗೆ ಹೋಗಬೇಕು. ಇದನ್ನು ಪ್ರತಿ ಸಲ ಹಂಚುವುದಕ್ಕಿಂತ ಒಂದೇ ಸಲ ಮಾಡುವುದು ಒಳ್ಳೆಯದು. ಗೋಧಿ ಬಿತ್ತನೆಯ ಮುಂಚಿನ ನೀರು ಇದಕ್ಕೆ ಸರಿಯಾದ ಹೊತ್ತು. ಬಿಸಿಲು ಇಳಿದಿರುತ್ತದೆ, ಹೊಲ ಖಾಲಿ ಇರುತ್ತದೆ, ಮುಂಗಾರಿನ ಮಳೆ ಸ್ವಲ್ಪ ಉಪ್ಪನ್ನು ಆಗಲೇ ಕೆಳಗೆ ತಳ್ಳಿರುತ್ತದೆ. ಮರಳಿನ ಒಂದು ದೊಡ್ಡ ಗುಣ ಇಲ್ಲಿ ಕೈಹಿಡಿಯುತ್ತದೆ. ಅದು ಬೇಗ ತೊಳೆದುಕೊಳ್ಳುತ್ತದೆ. ತೊಳೆಯುವ ಮುಂಚೆ ಮತ್ತು ಆಮೇಲೆ 30 ಮತ್ತು 60 ಸೆಂ.ಮೀ. ಆಳದ ಮಣ್ಣು ತೆಗೆದು ಉಪ್ಪು ಅಳೆಸಿದರೆ ಎಷ್ಟು ನೀರು ಸಾಕು ಎಂದು ಒಂದೆರಡು ವರ್ಷದಲ್ಲೇ ಗೊತ್ತಾಗುತ್ತದೆ.

ತೊಳೆದ ಉಪ್ಪು ಎಲ್ಲಿಗೆ ಹೋಗುತ್ತದೆ ಎನ್ನುವುದು ಹೊಲದಿಂದ ಹೊಲಕ್ಕೆ ಬೇರೆ. ನೀರಿನ ಮಟ್ಟ 10-15 ಮೀಟರ್ ಕೆಳಗಿದ್ದು ನಡುವೆ ಪದರ ಇಲ್ಲದಿದ್ದರೆ ಬಹಳ ವರ್ಷ ಚಿಂತೆ ಇಲ್ಲ. ಪದರ ಮೂರು ಮೀಟರಿನಲ್ಲೇ ಇದ್ದರೆ ಪ್ರತಿ ತೊಳೆತವೂ ಬೋಗುಣಿಗೆ ನೀರು ಸೇರಿಸುತ್ತದೆ. ಅಲ್ಲಿ ಕೊಳವೆ ಹಾಕಿ ಬಸಿಯುವ ಏರ್ಪಾಡು ಆಗುವವರೆಗೆ ಹತ್ತಿ, ಗೋಧಿಯ ಆಸೆ ಬಿಟ್ಟು ಗೋರಿ, ಸಾಸಿವೆ, ಬಾರ್ಲಿಯಂಥ ಕಡಿಮೆ ನೀರಿನ ಬೆಳೆಗೆ ನಿಲ್ಲುವುದು ವಾಸಿ. ಸಾಸಿವೆ, ಬಾರ್ಲಿ ಉಪ್ಪನ್ನೂ ಸ್ವಲ್ಪ ತಡೆದುಕೊಳ್ಳುತ್ತವೆ. ಯಾವ ಹೊಲ ಯಾವುದು ಎಂದು ತಿಳಿಯಲು ಕೈಬೈರಿಗೆಯಿಂದ ಮುರಬ್ಬಾದ ನಾಲ್ಕು ಮೂಲೆ ಮತ್ತು ನಡುವೆ ಐದು ಮೀಟರ್ ಆಳದ ತೂತು ಕೊರೆದು ನೋಡಬೇಕು. ಅದರಲ್ಲಿ ಒಂದಕ್ಕೆ ಪ್ಲಾಸ್ಟಿಕ್ ಕೊಳವೆ ಇಳಿಸಿ ಮುಚ್ಚಳ ಹಾಕಿಟ್ಟರೆ ಅದೇ ಅಳತೆ ಬಾವಿ. ತಿಂಗಳಿಗೊಮ್ಮೆ ದಾರಕ್ಕೆ ಭಾರ ಕಟ್ಟಿ ಇಳಿಸಿ ನೀರು ಎಷ್ಟು ಕೆಳಗಿದೆ ಎಂದು ಬರೆದಿಡಿ. ಮಟ್ಟ ಮೂರು ಮೀಟರಿಗಿಂತ ಮೇಲೆ ಬರುತ್ತಿದ್ದರೆ ಆ ಹಂಗಾಮಿನಲ್ಲೇ ನೀರು ಕಡಿಮೆ ಮಾಡಬೇಕು, ಅಕ್ಕಪಕ್ಕದ ಮುರಬ್ಬಾದವರಿಗೂ ಹೇಳಬೇಕು, ಯಾಕೆಂದರೆ ತಗ್ಗಿನ ಹೊಲಕ್ಕೆ ಬರುವುದು ಎಲ್ಲರ ನೀರು.